ಐವತ್ತರ ಕಾವಲು

2020ರ ಏಪ್ರಿಲ್ 5, ರಾತ್ರಿ 9 ಗಂಟೆ. ಒಂಬತ್ತು ನಿಮಿಷ ದೀಪ ಆರಿಸಿ ಹಣತೆ ಹಚ್ಚಿ ಎಂದಿದ್ದರು ಪ್ರಧಾನಿ. ಬೇಡಿಕೆ 12ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದೆಂದು ಗ್ರಿಡ್ ನಡೆಸುವವರು ಲೆಕ್ಕ ಹಾಕಿದ್ದರು. ಇಳಿದದ್ದು ಸುಮಾರು 31 ಸಾವಿರ! ಆದರೂ ಗ್ರಿಡ್ ಬೀಳಲಿಲ್ಲ.

ಬಿದ್ದೀತೆಂಬ ಭಯ ಯಾಕಿತ್ತು? ದೇಶದ ಗ್ರಿಡ್‌ಗೆ ಜೋಡಿಸಿದ ಜನರೇಟರ್‌ಗಳೆಲ್ಲ ಒಂದೇ ಲಯದಲ್ಲಿ ತಿರುಗುತ್ತವೆ. ಆ ಲಯವೇ 50 ಹರ್ಟ್ಸ್. ಬಳಕೆ ಹೆಚ್ಚಿದರೆ ಲಯ ಕುಗ್ಗುತ್ತದೆ, ತಗ್ಗಿದರೆ ಏರುತ್ತದೆ. ನಿಯಮದ ಪ್ರಕಾರ 49.90ರಿಂದ 50.05ರೊಳಗೆ ಇರಬೇಕು. ಏರುಪೇರಾದಾಗ ಮೊದಲು ತಡೆಯುವುದು ತಿರುಗುವ ಉಕ್ಕಿನ ಭಾರ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕೆಲವು ಸೆಕೆಂಡುಗಳಲ್ಲಿ ಗವರ್ನರ್‌ಗಳು ನೀರು ಅಥವಾ ಉಗಿಯ ಹರಿವನ್ನು ತಿದ್ದುತ್ತವೆ. ಆಮೇಲೆ ಲೋಡ್ ಡಿಸ್ಪ್ಯಾಚ್ ಕೇಂದ್ರದ ಕಂಪ್ಯೂಟರುಗಳ ಸರದಿ. ಕೊನೆಗೆ ಮನುಷ್ಯ, ಅವನ ಫೋನು.

ಆ ರಾತ್ರಿ ಮನುಷ್ಯನೇ ಮೊದಲು ಕೈಯಿಟ್ಟಿದ್ದ. ಉಷ್ಣಸ್ಥಾವರಗಳನ್ನು ಮುಂಚೆಯೇ ತಗ್ಗಿಸಿ, ಬೇಕೆಂದಾಗ ಥಟ್ಟನೆ ಇಳಿಸಬಲ್ಲ ಜಲವಿದ್ಯುತ್ತನ್ನು ಏರಿಸಿಟ್ಟುಕೊಂಡಿದ್ದರು. ದೀಪಗಳು ಆರುತ್ತಿದ್ದಂತೆ ಅದನ್ನು 17 ಸಾವಿರ ಮೆಗಾವ್ಯಾಟ್‌ಗೂ ಹೆಚ್ಚು ಇಳಿಸಿದರು. ಲಯ ನಿಯಮದ ಗೆರೆ ದಾಟಿತು, ನಿಜ: 49.70ರಿಂದ 50.26ರವರೆಗೆ ಓಲಾಡಿತು. ಆದರೆ ಕೈತಪ್ಪಲಿಲ್ಲ.

ಎಂಟು ವರ್ಷ ಹಿಂದೆ ಹೀಗಾಗಿರಲಿಲ್ಲ. 2012ರ ಜುಲೈ 30ರ ನಸುಕಿನಲ್ಲಿ ಬೀನಾ–ಗ್ವಾಲಿಯರ್ 400 ಕೆವಿ ಮಾರ್ಗ ಕಡಿದುಕೊಂಡಿತು. ತಂತಿ ಹರಿದಿರಲಿಲ್ಲ, ಹೊರೆ ಅತಿಯಾಗಿತ್ತಷ್ಟೆ. ಕಾವಲಿಗಿದ್ದ ರಿಲೇ ಆ ಹೊರೆಯನ್ನೇ ದೋಷವೆಂದು ಬಗೆಯಿತು. ಪಾಲಿಗಿಂತ ಹೆಚ್ಚು ಸೆಳೆಯಬೇಡಿ ಎಂಬ ಸೂಚನೆಗಳು ರಾಜ್ಯಗಳಿಗೆ ಹೋಗಿದ್ದವು, ಪಾಲನೆ ಮಾತ್ರ ಆಗಿರಲಿಲ್ಲ. ಅಂದು ಉತ್ತರದ ಗ್ರಿಡ್ ಬಿತ್ತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್‌ಗಳು ಕುಸಿದು, 60 ಕೋಟಿಗೂ ಮಿಕ್ಕ ಜನ ವಾಸಿಸುವ ಪ್ರದೇಶ ಕತ್ತಲಾಯಿತು. ತಪ್ಪು ಯಂತ್ರದ್ದೋ ಮನುಷ್ಯನದ್ದೋ ಎಂಬ ಪ್ರಶ್ನೆಯೇ ಸರಿಯಲ್ಲ ಎನಿಸುತ್ತದೆ. ಇಬ್ಬರೂ ತಮಗೆ ಕಂಡಷ್ಟರಲ್ಲಿ ತಮ್ಮ ಕೆಲಸ ಮಾಡಿದ್ದರು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಂಡಿರಲಿಲ್ಲ.

ನಾವು ಆಗ ಪಾರಾದದ್ದು ದಕ್ಷಿಣದ ಗ್ರಿಡ್ ಬೇರೆಯೇ ಲಯದಲ್ಲಿ ನಡೆಯುತ್ತಿದ್ದುದರಿಂದ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗ ಚಾಲೂ ಆಗಿ ಆ ಅಂತರ ಹೋಯಿತು. ಈಗ ಎಲ್ಲರದೂ ಒಂದೇ ನಾಡಿ.

ನಿಯಂತ್ರಣ ಕೊಠಡಿಯ ಪರದೆಗೆ ಕಾಣದ ಒಂದು ಸಂಗತಿ ಹಳ್ಳಿಯಲ್ಲಿದೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಎಂದು ರೈತ ಆಟೋಸ್ಟಾರ್ಟರ್ ಹಾಕಿಸಿಕೊಳ್ಳುತ್ತಾನೆ. ಸರಬರಾಜು ಬಂದ ಕ್ಷಣ ಫೀಡರಿನ ಮೋಟಾರುಗಳೆಲ್ಲ ಒಟ್ಟಿಗೇ ಎದ್ದು ಕೂಗುತ್ತವೆ, ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಎಂಜಿನಿಯರಿನ ಕಣ್ಣಿಗೆ ಇದು ಅಶಿಸ್ತು. ರಾತ್ರಿ ಎರಡಕ್ಕೆ ಬ್ಯಾಟರಿ ಹಿಡಿದು, ಹಾವಿನ ಭಯದಲ್ಲಿ ಬದು ತುಳಿದವನಿಗೆ ಅದೇ ಜಾಣತನ. ನನ್ನ ಒಲವು ಎರಡನೆಯವನ ಕಡೆಗೆ. ಮನೆಯ ಫೀಡರನ್ನು ಪಂಪ್‌ಸೆಟ್ಟಿನದರಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯಿಂದಾಗಿ ಹೊಲಕ್ಕೆ ಕರೆಂಟು ಬಿಡುವ ಹೊತ್ತನ್ನು ಆಯ್ದುಕೊಳ್ಳಲು ಸಾಧ್ಯವಾಯಿತು. ಬಿಸಿಲಿನ ವಿದ್ಯುತ್ ಬಂದಮೇಲೆ ಆ ಹೊತ್ತನ್ನು ಹಗಲಿಗೆ ತರುವುದು ಗ್ರಿಡ್‌ಗೂ ಅನುಕೂಲ.

ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಜಮೀನು ಕೊಳ್ಳದೆ, ರೈತರಿಂದ ಗುತ್ತಿಗೆಗೆ ಪಡೆದು ಕಟ್ಟಿದ್ದು. ಆದರೆ ಸೋಲಾರ್ ಫಲಕದಲ್ಲಿ ತಿರುಗುವ ಉಕ್ಕಿಲ್ಲ. ಏರುಪೇರನ್ನು ಮೊದಲು ತಡೆಯುವ ಭಾರ ಅದಕ್ಕಿಲ್ಲ, ಇನ್ವರ್ಟರ್ ಒಳಗಿನ ಪ್ರೋಗ್ರಾಂ ಮಾತ್ರ. ಸಂಜೆ ಆರಕ್ಕೆ ಪಾವಗಡ ಮಲಗುವಾಗ ಊರಿನ ದೀಪ ಹೊತ್ತುತ್ತವೆ. ಆ ಕಂದರ ತುಂಬಲು ಶರಾವತಿಯ ಜಲವಿದ್ಯುತ್ತು ಬೇಕು.

ಅದಕ್ಕೇ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ: ವಿದ್ಯುತ್ ಮಿಗುವಾಗ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಏರಿಸಿ, ಬೇಡಿಕೆ ಹೆಚ್ಚಿದಾಗ ಇಳಿಸುವುದು. ಲೆಕ್ಕ ಚೊಕ್ಕವಾಗಿದೆ. ಯೋಜನೆಯ ಜಾಗ ಮಾತ್ರ ಸಿಂಗಳೀಕಗಳ ಅಭಯಾರಣ್ಯದಲ್ಲಿದೆ. ಕಣಿವೆಯ ಜನ, ಪರಿಸರವಾದಿಗಳು ವಿರೋಧಿಸುತ್ತಿದ್ದಾರೆ. ಇದೇ ಶರಾವತಿಯ ಲಿಂಗನಮಕ್ಕಿ ಜಲಾಶಯದಲ್ಲಿ ಮುಳುಗಡೆಯಾಗಿ ಬೇರೆಡೆ ನೆಲೆಸಿದ ಕುಟುಂಬಗಳ ಭೂಮಿಯ ಹಕ್ಕಿನ ತಕರಾರುಗಳು ದಶಕಗಳ ಬಳಿಕವೂ ಮುಗಿದಿಲ್ಲ. ಹೊಸ ಯೋಜನೆಯ ನಕ್ಷೆ ಬರೆಯುವವರು ಆ ಕಡತಗಳನ್ನೂ ಮೇಜಿನ ಮೇಲೆ ಬಿಚ್ಚಿಟ್ಟುಕೊಳ್ಳಬೇಕಾಗಿದೆ.