ನಿಮಗಿದು ಗೊತ್ತೆ? ಟೈಲ್ಸ್ ಕೆಳಗೊಂದು ಬಿಸಿ ತಂತಿ

ಚನ್ನಗಿರಿ, ಜಗಳೂರು ಕಡೆ ಮನೆ ಕಟ್ಟುವವರು ಬೇಸಿಗೆಗೆ ನೆಲ ತಂಪಾಗಿರಲಿ ಎನ್ನುತ್ತಾರೆ. ಚಳಿ ದೇಶಗಳಿಗೆ ಹೋಗಿ ನೆಲೆಸಿದ ನಮ್ಮವರಿಗೆ ಬಚ್ಚಲುಮನೆಯ ಟೈಲ್ಸ್ ಬೆಚ್ಚಗಿರಬೇಕು! ಅದಕ್ಕೆ ಅಲ್ಲಿ ಟೈಲ್ಸ್ ಅಡಿ ಕರೆಂಟಿನ ತಂತಿ ಹೆಣೆದ ತೆಳ್ಳನೆಯ ಜಾಲರಿ ಹಾಸುತ್ತಾರೆ. ಸಾಮಾನ್ಯವಾಗಿ ಇದರ ದಪ್ಪ 3–4 ಮಿ.ಮೀ. ಅಷ್ಟೇ.

ಇದರ ಮೇಲೆ ನೇರವಾಗಿ ಅಂಟು ಬಳಿದು ಟೈಲ್ಸ್ ಕೂರಿಸುವವರೂ ಇದ್ದಾರೆ. ಆದರೆ ಕರಣೆ ತಗುಲಿ ತಂತಿ ಕತ್ತರಿಸುವ ಅಪಾಯ ಹೆಚ್ಚು. ಹಾಗಾಗಿ ಮೊದಲು ತೆಳ್ಳಗೆ ಕಲಸಿದ, ತಾನಾಗಿಯೇ ಹರಿದು ಮಟ್ಟವಾಗುವ ಸಿಮೆಂಟ್ ಮಿಶ್ರಣ ಸುರಿದು ತಂತಿಯನ್ನು ಪೂರ್ತಿ ಮುಚ್ಚುವುದೇ ಜಾಣತನ. ಎಲ್ಲಿಯೂ ಗಾಳಿಗುಳ್ಳೆ ಉಳಿಯಬಾರದು. ಉಳಿದರೆ ಅಲ್ಲಿ ಶಾಖ ಹರಡದೆ ತಂತಿ ಅತಿಯಾಗಿ ಕಾಯುತ್ತದೆ, ಸುಟ್ಟೂ ಹೋಗಬಹುದು.

ಹಾಸುವ ಮೊದಲು, ಹಾಸಿದ ಮೇಲೆ, ಟೈಲ್ಸ್ ಕೂರಿಸಿದ ಮೇಲೆ, ಮೂರು ಸಲವೂ ಮೀಟರ್ ಹಿಡಿದು ತಂತಿಯ ರೋಧ ಅಳೆಯಬೇಕು. ಬೇಗ ಒಣಗಲೆಂದು ಸ್ವಿಚ್ ಹಾಕಲೇಬಾರದು, ಮಿಶ್ರಣ ಬಿರುಕು ಬಿಡುತ್ತದೆ.

ನೆಲ ಕಾಯಿಸುವುದು ಹೊಸದೇನಲ್ಲ. ಪ್ರಾಚೀನ ರೋಮನ್ನರು ಸ್ನಾನಗೃಹಗಳ ನೆಲದಡಿ ಬಿಸಿಗಾಳಿ ಹಾಯಿಸುತ್ತಿದ್ದರು. ಕೊರಿಯಾದವರ 'ಒಂಡೊಲ್' ಪದ್ಧತಿಯಲ್ಲಿ ಒಲೆಯ ಹೊಗೆ, ಶಾಖ ಕಲ್ಲುಹಾಸಿನ ಕೆಳಗೆ ಹರಿಯುತ್ತಿತ್ತು.

ಮತ್ತೆ ಇಂದಿನ ತಂತಿಯ ನೆಲಕ್ಕೆ ಬಂದರೆ, ನಮ್ಮ ಮೇಸ್ತ್ರಿಗಳು ನೀರು ತುಂಬಿದ ಪೈಪು, ರಸಮಟ್ಟ ಹಿಡಿದು ಮಾಡುವ ಮಟ್ಟದ ಕೆಲಸವನ್ನು ಆ ಚಳಿ ದೇಶಗಳಲ್ಲಿ ತಾನಾಗಿ ಹರಿಯುವ ಸಿಮೆಂಟ್ ಮಿಶ್ರಣವೇ ಬಹುಪಾಲು ಮಾಡುತ್ತದೆ. ವಿದೇಶದ ಬಂಧುಗಳು ಇಂಥ ನೆಲ ಹಾಕಿಸುತ್ತಿದ್ದರೆ, ಮುಚ್ಚುವ ಮುನ್ನ ತಂತಿ ಹಾಸಿದ ಜಾಗದ ಫೋಟೊ ತೆಗೆದಿಡಲು ಹೇಳಿ. ಮುಂದೆ ನೆಲಕ್ಕೆ ಡ್ರಿಲ್ ಹಾಕುವಾಗ ಅದು ಬೇಕೇ ಬೇಕು.