ಗೋಡೆಗಿಂತ ಮೊದಲು ಬುನಾದಿ: ಗಿರಣಿಯ ಸದ್ದು ನೆರೆಮನೆ ಸೇರುವ ಬಗೆ

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿರುವ ನೊಣವಿನಕೆರೆಯ ಸುತ್ತಲಿನ ಸೀಮೆಯಲ್ಲಿ ತೆಂಗನ್ನು ಆಶ್ರಯಿಸದ ಉದ್ಯಮ ವಿರಳ. ಉಂಡೆ ಕೊಬ್ಬರಿಗೆ ದೇಶದಲ್ಲೆಲ್ಲ ಹೆಸರಾದ ತಿಪಟೂರು ಮಾರುಕಟ್ಟೆಯ ಬೆನ್ನಿಗೆ ಎಣ್ಣೆ ಗಿರಣಿಗಳು, ಕೊಬ್ಬರಿ ಪುಡಿ ತಯಾರಿಸುವ ಘಟಕಗಳು, ನಾರು ಬಿಡಿಸುವ ಕಾರ್ಖಾನೆಗಳು ಬೆಳೆದು ನಿಂತಿವೆ. ಇವುಗಳಲ್ಲಿ ದೊಡ್ಡವು ಊರಾಚೆ ಇದ್ದರೆ, ಸಣ್ಣವು ಎಷ್ಟೋ ಕಡೆ ವಾಸದ ಮನೆಗಳ ಮಗ್ಗುಲಲ್ಲೇ, ಕೆಲವೊಮ್ಮೆ ಒಂದೇ ಗೋಡೆಯನ್ನು ಹಂಚಿಕೊಂಡು ನಡೆಯುತ್ತವೆ. ಗಿರಣಿಯ ಸದ್ದಿನ ಬಗ್ಗೆ ನೆರೆಯವರ ತಕರಾರು ಹುಟ್ಟುವುದು ಇಂತಹ ಕಡೆಗಳಲ್ಲೇ.

ತಕರಾರು ಬಂದೊಡನೆ ಮಾಲೀಕರು ಸಾಮಾನ್ಯವಾಗಿ ಕೈಹಾಕುವುದು ಗೋಡೆಗೆ. ಥರ್ಮಾಕೋಲ್ ಅಂಟಿಸುವುದು, ಗ್ಲಾಸ್ ವೂಲ್ ಹೊದಿಸುವುದು, ಇನ್ನೊಂದು ವರಸೆ ಇಟ್ಟಿಗೆ ಕಟ್ಟುವುದು ರೂಢಿ. ಹಣ ಖರ್ಚಾಗುತ್ತದೆ; ಪಕ್ಕದ ಮನೆಯ ಗುಂಯ್‌ಗುಡುವಿಕೆ ಮಾತ್ರ ಹಾಗೆಯೇ ಉಳಿಯುತ್ತದೆ. ಸದ್ದು ಯಾವ ದಾರಿಯಿಂದ ಹೋಗುತ್ತಿದೆ ಎಂಬುದನ್ನು ಮೊದಲು ನೋಡದೆ ಇರುವುದೇ ಇದಕ್ಕೆ ಕಾರಣ.

ಎರಡು ದಾರಿಗಳು

ಯಂತ್ರದ ಸದ್ದು ಎರಡು ಬಗೆಯಲ್ಲಿ ಹರಡುತ್ತದೆ. ಒಂದು, ಗಾಳಿಯ ಮೂಲಕ. ಇದು ಬಾಗಿಲು, ಕಿಟಕಿ, ಹೆಂಚಿನ ಸಂದುಗಳಿಂದ ಹೊರಬೀಳುತ್ತದೆ. ಇನ್ನೊಂದು, ಕಟ್ಟಡದ ಮೈಯ ಮೂಲಕ. ಯಂತ್ರದ ಅದುರು ಬೋಲ್ಟುಗಳಿಂದ ನೆಲಕ್ಕೆ, ನೆಲದಿಂದ ಬುನಾದಿಗೆ, ಬುನಾದಿಯಿಂದ ಗೋಡೆಗೆ ಸಾಗಿ, ನೆರೆಮನೆಯ ಗೋಡೆಯೇ ಸದ್ದು ಹೊರಡಿಸುವ ಹಲಗೆಯಾಗುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರ್ ಚಲಿಸುವ ಶಬ್ದ, ಕಾಂಕ್ರೀಟಿನಲ್ಲಿ ೩,೦೦೦ ಮೀಟರಿಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ದಾರಿಯಲ್ಲಿ ಕಳೆದುಕೊಳ್ಳುವ ಶಕ್ತಿಯೂ ಕಡಿಮೆ. ಗೋಡೆಗೆ ಹೊದಿಸಿದ ಹತ್ತಿ, ಉಣ್ಣೆ ಮೊದಲನೆಯ ಬಗೆಗೆ ನೆರವಾಗಬಹುದು. ಎರಡನೆಯದಕ್ಕೆ ಅದು ಅಡ್ಡಿಯೇ ಅಲ್ಲ.

ಯಾವ ದಾರಿ ಎಂಬುದನ್ನು ತಿಳಿಯಲು ಸುಲಭವಾದ ಪರೀಕ್ಷೆಯುಂಟು. ಯಂತ್ರ ಓಡುತ್ತಿರುವಾಗ ಒಬ್ಬರು ನೆರೆಮನೆಯಲ್ಲಿ ನಿಲ್ಲಬೇಕು. ಇನ್ನೊಬ್ಬರು ಗಿರಣಿಯ ಬಾಗಿಲು, ಕಿಟಕಿಗಳನ್ನು ಮುಚ್ಚಿ ತೆರೆಯಬೇಕು. ಸದ್ದಿನಲ್ಲಿ ಸ್ಪಷ್ಟ ವ್ಯತ್ಯಾಸ ಕಂಡರೆ ದೋಷ ಗಾಳಿಯದು. ವ್ಯತ್ಯಾಸವಿಲ್ಲದೆ, ಗೋಡೆಯ ಮೇಲಿಟ್ಟ ಅಂಗೈಗೆ ಅದುರು ತಾಕಿದರೆ ದೋಷ ಕಟ್ಟಡದ್ದು.

ಕಾನೂನು ಹೇಳುವುದೇನು

ಶಬ್ದ ಮಾಲಿನ್ಯ (ನಿಯಂತ್ರಣ ಮತ್ತು ನಿರ್ಬಂಧ) ನಿಯಮಗಳು, ೨೦೦೦ರ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್. ವಾಣಿಜ್ಯ ಪ್ರದೇಶದಲ್ಲಿ ೬೫ ಮತ್ತು ೫೫. ಕೈಗಾರಿಕಾ ಪ್ರದೇಶದಲ್ಲಿ ೭೫ ಮತ್ತು ೭೦ ಡೆಸಿಬೆಲ್ ಮಿತಿಯಿದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಅವಧಿಯನ್ನು ರಾತ್ರಿಯೆಂದು ಗಣಿಸಲಾಗುತ್ತದೆ. ಮಿತಿಯನ್ನು ೧೦ ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಮೀರಿದಲ್ಲಿ ಯಾರಾದರೂ ದೂರು ನೀಡಬಹುದು.

ಉದ್ಯಮಿಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಮಿತಿಗಳನ್ನು ಅಳೆಯುವ ‘ಎ’ ಮಾಪನವು ಮನುಷ್ಯನ ಕಿವಿಯನ್ನು ಅನುಸರಿಸಿ ತಗ್ಗು ಸ್ವರದ ಸದ್ದಿಗೆ ಕಡಿಮೆ ಬೆಲೆ ಕೊಡುತ್ತದೆ. ಕಟ್ಟಡದ ಮೂಲಕ ಬರುವ ಅದುರು ಬಹುಪಾಲು ತಗ್ಗು ಸ್ವರದ್ದೇ. ಆದಕಾರಣ ಮೀಟರು ಮಿತಿಯೊಳಗೆ ತೋರಿಸುತ್ತಿದ್ದರೂ ನೆರೆಯವರಿಗೆ ನಿದ್ರೆ ಬಾರದಿರುವುದು ಸಾಧ್ಯ. ಕಾಗದದ ಮೇಲೆ ಗೆದ್ದ ಮಾತ್ರಕ್ಕೆ ತಕರಾರು ಮುಗಿಯುವುದಿಲ್ಲ.

ಮೂಲದಲ್ಲೇ ತಡೆ

ಖರ್ಚಿಲ್ಲದ ಕೆಲಸ ಮೊದಲು. ಸವೆದ ಬೇರಿಂಗ್, ಓರೆಯಾದ ಪುಲ್ಲಿ, ಸಡಿಲವಾದ ಬೆಲ್ಟು ಅದುರನ್ನು ಹೆಚ್ಚಿಸುತ್ತವೆ. ಸುತ್ತಿಗೆ ಮಾದರಿಯ ಪುಡಿ ಯಂತ್ರದಲ್ಲಿ ಒಂದೇ ಸುತ್ತಿಗೆಯನ್ನು ಬದಲಿಸಿದರೆ ತೂಕದ ಸಮತೋಲ ಕೆಡುತ್ತದೆ. ಎದುರುಬದುರಿನ ಜೋಡಿಯನ್ನು ಸಮ ತೂಕದಲ್ಲಿ ಒಟ್ಟಿಗೇ ಬದಲಿಸಬೇಕು.

ಮುಂದಿನದು ಸಂಪರ್ಕವನ್ನು ಕಡಿಯುವುದು. ಇದರ ತತ್ತ್ವವನ್ನು ತೆಂಗಿನ ಸೀಮೆಯವರಿಗೆ ಬೇರೆಯಾಗಿ ವಿವರಿಸಬೇಕಿಲ್ಲ. ಮರದ ತುದಿಯಿಂದ ಬಿದ್ದ ಕಾಯಿ ಒಡೆಯದಿರುವುದು ಮಟ್ಟೆಯ ನಾರಿನಿಂದಾಗಿ. ಸುಲಿದ ಕಾಯಿಯಾದರೆ ಕೈಜಾರಿ ಬಿದ್ದರೂ ಸೀಳುತ್ತದೆ. ಯಂತ್ರಕ್ಕೂ ನೆಲಕ್ಕೂ ನಡುವೆ ಇಂತಹುದೇ ಒಂದು ಮೆತ್ತನೆಯ ಪದರ ಬೇಕು. ಆದರೆ ಎಷ್ಟು ಮೆತ್ತಗೆ ಎಂಬುದಕ್ಕೆ ಲೆಕ್ಕವಿದೆ.

ಯಂತ್ರದ ಭಾರಕ್ಕೆ ಪದರವು ಎಷ್ಟು ಮಿಲಿಮೀಟರ್ ಕುಗ್ಗುತ್ತದೆ ಎಂಬುದೇ ಆ ಲೆಕ್ಕದ ಮೂಲ. ನಿಮಿಷಕ್ಕೆ ೧,೪೪೦ ಸುತ್ತು ತಿರುಗುವ ಯಂತ್ರಕ್ಕೆ ಸುಮಾರು ೪ ಮಿ.ಮೀ. ಕುಗ್ಗುವ ಪದರವಿದ್ದರೆ, ತತ್ತ್ವದ ಲೆಕ್ಕದಲ್ಲಿ ಅದುರಿನ ಬಲದ ಎಂಟನೆಯ ಒಂದು ಪಾಲು ಮಾತ್ರ ನೆಲಕ್ಕೆ ಇಳಿಯುತ್ತದೆ. ೨,೮೮೦ ಸುತ್ತಿನ ಯಂತ್ರಕ್ಕೆ ೧ ಮಿ.ಮೀ. ಸಾಕು. ೬೦೦ ಸುತ್ತಿನದಕ್ಕೆ ಸುಮಾರು ೨೨ ಮಿ.ಮೀ. ಬೇಕಾಗುವುದರಿಂದ ರಬ್ಬರು ಸಾಲದು, ಉಕ್ಕಿನ ಸ್ಪ್ರಿಂಗುಗಳೇ ಬೇಕು. ವೇಗ ಅರ್ಧಕ್ಕಿಳಿದರೆ ಕುಗ್ಗುವಿಕೆ ನಾಲ್ಕು ಪಟ್ಟಾಗಬೇಕೆಂಬುದು ಇದರ ಸೂತ್ರ. ಚಲನೆಯಲ್ಲಿ ರಬ್ಬರು ತುಸು ಗಡುಸಾಗಿ ವರ್ತಿಸುವುದರಿಂದ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ ಎಂದು ಆರಿಸಿಕೊಳ್ಳುವುದು ಒಳಿತು.

ಹಳೆಯ ಟೈರು ಅಥವಾ ಬೆಲ್ಟಿನ ತುಂಡನ್ನು ಯಂತ್ರದ ಕಾಲಡಿ ಇಡುವ ಪದ್ಧತಿಯ ಅಪಾಯ ಇಲ್ಲಿ ತಿಳಿಯುತ್ತದೆ. ಆ ತುಂಡು ಕೇವಲ ೦.೪ ಮಿ.ಮೀ.ನಷ್ಟು ಕುಗ್ಗಿದರೆ ಅದರ ಸಹಜ ಕಂಪನವು ೧,೪೪೦ ಸುತ್ತಿನ ಯಂತ್ರದ ವೇಗಕ್ಕೆ ಹೆಚ್ಚುಕಡಿಮೆ ಹೊಂದಿಕೊಂಡು, ಅದುರು ತಗ್ಗುವ ಬದಲು ಹೆಚ್ಚುತ್ತದೆ. ಪ್ಯಾಡ್ ಕೊಳ್ಳುವಾಗ ಯಂತ್ರದ ಪ್ರತಿ ಮೂಲೆಯ ಭಾರ ಮತ್ತು ಸುತ್ತುಗಳ ಸಂಖ್ಯೆಯನ್ನು ಮಾರಾಟಗಾರರಿಗೆ ಬರೆದುಕೊಟ್ಟು, ಕುಗ್ಗುವಿಕೆಯನ್ನು ಮಿಲಿಮೀಟರಿನಲ್ಲಿ ಬರೆಸಿಕೊಳ್ಳಬೇಕು. ಮೋಟಾರು ಇರುವ ಬದಿಯಲ್ಲಿ ಭಾರ ಹೆಚ್ಚಿರುವುದರಿಂದ ನಾಲ್ಕೂ ಮೂಲೆಗೆ ಒಂದೇ ಪ್ಯಾಡ್ ಹೊಂದದಿರಬಹುದು.

ಹೊಸದಾಗಿ ಯಂತ್ರ ಕೂರಿಸುವವರು ಅದರ ಕಾಂಕ್ರೀಟ್ ದಿಮ್ಮಿಯನ್ನು ಕಟ್ಟಡದ ಬುನಾದಿಯಿಂದಲೂ ಸುತ್ತಲಿನ ನೆಲದಿಂದಲೂ ಬೇರ್ಪಡಿಸಿ ಕಟ್ಟಿಸುವುದು ಕ್ಷೇಮ. ಭಾರತೀಯ ಮಾನಕ ಐಎಸ್ ೨೯೭೪ ಯಂತ್ರಗಳ ಬುನಾದಿಗೆಂದೇ ಇರುವ ಸಂಹಿತೆ. ದಿಮ್ಮಿಯ ಸುತ್ತಲ ಸಂದಿನಲ್ಲಿ ಗಾರೆಯಾಗಲಿ ಜಲ್ಲಿಯಾಗಲಿ ಬೀಳದಂತೆ ಕಟ್ಟುವಾಗಲೇ ನೋಡಿಕೊಳ್ಳಬೇಕು. ಅಲ್ಲಿ ಗಟ್ಟಿಯಾದ ಒಂದು ಹೆಂಟೆಯೂ ಅದುರಿಗೆ ಸೇತುವೆಯಾಗುತ್ತದೆ.

ಮರೆತುಹೋಗುವ ಸೇತುವೆಗಳು

ಪ್ಯಾಡ್ ಹಾಕಿಯೂ ಫಲ ಕಾಣದಿದ್ದರೆ ಯಂತ್ರವು ಇನ್ನೆಲ್ಲೋ ಕಟ್ಟಡವನ್ನು ಮುಟ್ಟುತ್ತಿದೆ ಎಂದೇ ಅರ್ಥ. ಗೋಡೆಗೆ ಬಿಗಿದ ಶಾಫ್ಟಿನ ಬ್ರಾಕೆಟ್, ಎಣ್ಣೆಯ ಪೈಪು, ವೈರಿಂಗ್ ಕೊಳವೆ, ಪುಡಿ ಸಾಗಿಸುವ ತಗಡಿನ ನಳಿಗೆ, ಸೂರಿಗೆ ತಾಗಿದ ಹಾಪರು ಇವೆಲ್ಲವೂ ಅಂತಹ ಸೇತುವೆಗಳೇ. ಪೈಪಿಗೆ ಬಾಗುವ ಹೋಸ್, ನಳಿಗೆಯ ನಡುವೆ ಕ್ಯಾನ್ವಾಸಿನ ತುಂಡು, ವೈರಿಗೆ ಸಡಿಲವಾದ ಸುರುಳಿ ಕೊಟ್ಟರೆ ಅಲ್ಪ ಖರ್ಚಿನಲ್ಲಿ ದಾರಿ ಕಡಿದುಹೋಗುತ್ತದೆ. ಬ್ರಾಕೆಟ್ಟನ್ನು ಗೋಡೆಯಿಂದ ಬಿಡಿಸಿ ದಿಮ್ಮಿಯ ಮೇಲಿನ ಕಂಬಕ್ಕೆ ವರ್ಗಾಯಿಸಬೇಕು.

ಇದಾದ ಮೇಲೆಯೇ ಗೋಡೆಯ ಸರದಿ. ಒಳಗೋಡೆಯ ಚೌಕಟ್ಟನ್ನು ಮೂಲ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದರೆ ಪ್ರಯೋಜನ ಬಹಳ ಕಡಿಮೆ. ಎರಡರ ನಡುವೆ ಸುಮಾರು ೫೦ ಮಿ.ಮೀ. ಅಂತರ ಬಿಟ್ಟು, ಪ್ರತ್ಯೇಕವಾಗಿ ನಿಲ್ಲಿಸಿ, ಸಂದಿನಲ್ಲಿ ಶಬ್ದ ಹೀರುವ ಪದರ ತುಂಬಬೇಕು. ಮಹಡಿಯ ಗೋದಾಮಿನಲ್ಲಿ ಚೀಲ ಎತ್ತಿಹಾಕುವ ಸದ್ದಿಗೂ ಇದೇ ನ್ಯಾಯ: ಮೆತ್ತನೆಯ ಪದರದ ಮೇಲೆ ಪಾಲಿಥೀನ್ ಹಾಸಿ, ಅದರ ಮೇಲೆ ಕಾಂಕ್ರೀಟ್ ನೆಲ ಹಾಕಿ, ಆ ನೆಲ ಗೋಡೆಯನ್ನು ಮುಟ್ಟದಂತೆ ಅಂಚಿನಲ್ಲಿ ಪಟ್ಟಿ ಬಿಡಬೇಕು. ಹೆಚ್ಚುವರಿ ಭಾರವನ್ನು ಹಳೆಯ ಮಹಡಿ ತಾಳುವುದೇ ಎಂದು ಎಂಜಿನಿಯರರಿಂದ ಮೊದಲೇ ಖಚಿತಪಡಿಸಿಕೊಳ್ಳುವುದು ಅಗತ್ಯ.

ನಾರಿನ ಪಾತ್ರ ಮತ್ತು ಮಿತಿ

ಹಾಸಿಗೆಗೆ ಬಳಸುವ ರಬ್ಬರು ಲೇಪಿತ ನಾರಿನ ಹಾಳೆಯನ್ನು ಗೋಡೆಯ ಸಂದಿನಲ್ಲೂ, ಸರಿಯಾದ ಸಾಂದ್ರತೆಯದಾದರೆ ಇಂತಹ ನೆಲದ ಅಡಿಯಲ್ಲೂ ಬಳಸಬಹುದು. ಮಟ್ಟೆ ಹೇರಳವಾಗಿ ದೊರೆಯುವ ಈ ಸೀಮೆಗೆ ಇದೊಂದು ಹೊಸ ಮಾರುಕಟ್ಟೆಯೂ ಆಗಬಲ್ಲುದು. ಆದರೆ ಬಿಡಿ ನಾರು ಭಾರೀ ಯಂತ್ರದ ಅಡಿಯಲ್ಲಿ ಕಾಲಕ್ರಮೇಣ ಅಮುಕಿಹೋಗಿ ಗಡುಸಾಗುತ್ತದೆ, ತೇವಕ್ಕೆ ಹಾಳಾಗುತ್ತದೆ, ಬೆಂಕಿಗೂ ಬೇಗ ಸಿಲುಕುತ್ತದೆ. ಯಂತ್ರದಡಿಗೆ ರಬ್ಬರು ಅಥವಾ ಸ್ಪ್ರಿಂಗು, ಗೋಡೆ ಮತ್ತು ನೆಲಕ್ಕೆ ನಾರು ಎಂಬ ವಿಭಜನೆ ಯುಕ್ತ.

ಒಟ್ಟಿನಲ್ಲಿ ಖರ್ಚಿನ ಕ್ರಮ ಹೀಗಿರಬೇಕು: ಮೊದಲು ಯಂತ್ರದ ದುರಸ್ತಿ, ಬಳಿಕ ಪ್ಯಾಡ್ ಮತ್ತು ಬುನಾದಿ, ಆಮೇಲೆ ಪೈಪು ಬ್ರಾಕೆಟ್ಟುಗಳು, ಕೊನೆಯಲ್ಲಿ ಗೋಡೆ. ಪ್ರತಿ ಹಂತದ ನಂತರ ನೆರೆಮನೆಯಲ್ಲಿ ನಿಂತು ಕೇಳಿ ನೋಡಿದರೆ ಮುಂದಿನ ಹಂತ ಬೇಕೇ ಬೇಡವೇ ಎಂಬುದು ತಾನಾಗಿ ಗೊತ್ತಾಗುತ್ತದೆ. ಎಷ್ಟೋ ಕಡೆ ಗೋಡೆಯ ಸರದಿ ಬರುವ ಮೊದಲೇ ಕೆಲಸ ಮುಗಿದಿರುತ್ತದೆ.