ಪಾಟಿಯನ್ನು ಯಾರು ಒರೆಸಬೇಕು?

ಬೋಧನಾ ಅಭ್ಯಾಸದ ಅವಧಿಯಲ್ಲಿ ಪದವಿಪೂರ್ವ ತರಗತಿಗೆ ನಾನು ಆರಿಸಿಕೊಂಡ ಹೆಚ್ಚುವರಿ ಕಲಿಕಾಂಶ: ಹಲವು ಥ್ರೆಡ್‌ಗಳಿರುವ ಸರ್ವರ್‌ನಲ್ಲಿ ಒಂದು ಸಂಪರ್ಕದ ಆಯುಷ್ಯ. ವ್ಯಾಖ್ಯೆ ಬರೆಸುವ ಬದಲು ಚಟುವಟಿಕೆ ಮಾಡಿಸಿದೆ.

ನಮ್ಮ ಸರ್ವರ್ ಪರೀಕ್ಷೆಯ ಫಲಿತಾಂಶ ತಿಳಿಸುವ ಕಂಪ್ಯೂಟರ್. ಕೇಳಲು ಬಂದ ಪ್ರತಿಯೊಬ್ಬರ ಸಂಪರ್ಕಕ್ಕೂ ಅದರ ಮೆಮೊರಿಯಲ್ಲಿ ಒಂದು ದಾಖಲೆ ಇರುತ್ತದೆ. ಅದೇ 7ನೇ ಪಾಟಿ. ನಾಲ್ವರು ಹುಡುಗರು ನಾಲ್ಕು ಥ್ರೆಡ್‌ಗಳು. ಅವರಿಗೆ ನಮ್ಮ ತಾಲ್ಲೂಕುಗಳ ಹೆಸರಿಟ್ಟೆ. ಹಾನಗಲ್ ನೋಂದಣಿ ಸಂಖ್ಯೆ ಬರೆದುಕೊಳ್ಳಬೇಕು, ಶಿಗ್ಗಾಂವಿ ಅಂಕ ಹುಡುಕಿ ಬರೆಯಬೇಕು, ಸವಣೂರು ಅದನ್ನು ಓದಿ ಹೇಳಬೇಕು. ಹಿರೇಕೆರೂರು ಹೊತ್ತು ನೋಡುವವನು: 30 ಎಣಿಸುವಷ್ಟರಲ್ಲಿ ಉತ್ತರ ಹೋಗದಿದ್ದರೆ ಪಾಟಿ ಒರೆಸಬೇಕು.

ನನ್ನ ಈ ಕೊನೆಯ ಸೂಚನೆಯೇ ತಪ್ಪಾಗಿತ್ತು. ಶಿಗ್ಗಾಂವಿ ಇನ್ನೂ ಅಂಕಪಟ್ಟಿ ಹುಡುಕುತ್ತಿದ್ದಾಗಲೇ ಹಿರೇಕೆರೂರು ಒರೆಸಿಬಿಟ್ಟ. ಖಾಲಿಯಾದ ಅದೇ ಪಾಟಿಯಲ್ಲಿ ಹಾನಗಲ್ ಮುಂದಿನವರ ಸಂಖ್ಯೆ ಬರೆದ. ಶಿಗ್ಗಾಂವಿ ಬಂದು ಮೊದಲಿನವರ ಅಂಕ ಬರೆದ. ಸವಣೂರು ಒಬ್ಬರ ಅಂಕವನ್ನು ಇನ್ನೊಬ್ಬರಿಗೆ ಓದಿ ಹೇಳಿದ. ತರಗತಿ ನಕ್ಕಿತು. ನಿಜವಾದ ಸರ್ವರ್‌ನಲ್ಲಿ ಇದು ನಗುವ ಮಾತಲ್ಲ. ಲಿನಕ್ಸ್‌ನಲ್ಲಿ ಹೊಸ ಸಂಪರ್ಕಕ್ಕೆ ಸಿಗುವುದು ಖಾಲಿ ಇರುವ ಅತಿ ಚಿಕ್ಕ ಸಂಖ್ಯೆ. ಈಗಷ್ಟೇ ಮುಚ್ಚಿದ ಸಂಪರ್ಕದ ಸಂಖ್ಯೆಯೇ ಅದಾಗಿರಬಹುದು.

ಮರುದಿನ ಹುಣಸೆ ಬೀಜ ಒಯ್ದೆ. ಪಾಟಿ ಬಳಸುವ ಪ್ರತಿಯೊಬ್ಬನಿಗೂ ಅದರ ಮೇಲೆ ಒಂದು ಬೀಜ. ಪಾಟಿಯನ್ನು ಮುಂದೆ ಕೊಡುವವನು ಮೊದಲು ಪಡೆಯುವವನ ಬೀಜ ಇಟ್ಟು, ಆಮೇಲೆ ತನ್ನದನ್ನು ತೆಗೆಯಬೇಕು. ಕೊನೆಯ ಬೀಜ ತೆಗೆದವನೇ ಒರೆಸಬೇಕು. ಹೊತ್ತು ಮೀರಿದರೆ ಹಿರೇಕೆರೂರು ‘ಮುಚ್ಚಿದೆ’ ಎಂದು ಅಡ್ಡಗೆರೆ ಎಳೆಯಬಹುದು, ಒರೆಸುವಂತಿಲ್ಲ. ಬೀಜ ಕಾಯುವುದು ಪಾಟಿಯ ಆಯುಷ್ಯವನ್ನು ಮಾತ್ರ. ಇಬ್ಬರು ಒಮ್ಮೆಲೇ ಬರೆಯುವುದನ್ನು ಅದು ತಡೆಯದು. ಅದಕ್ಕಾಗಿ ಬಳಪ ಒಂದೇ ಇಟ್ಟೆ. ಅದು ಥ್ರೆಡ್‌ಗಳ ನಡುವಿನ ಲಾಕ್.

‘ಹಿರೇಕೆರೂರನೂ ಬೀಜ ಇಡಬೇಕೇನ್ರಿ ಸರ್?’ ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಇಟ್ಟರೆ, ಉಳಿದವರು ಕೆಲಸ ಮುಗಿಸಿದರೂ ಅವನ ಎಣಿಕೆ ಮುಗಿಯುವವರೆಗೆ ಪಾಟಿ ಬಿಡುಗಡೆಯಾಗದು. ಹಾಗಾಗಿ ಅವನಿಗೆ ಯಾರ ಸರದಿ ಎಂದು ಬರೆದ ಚೀಟಿ ಮಾತ್ರ. ಅದೇ ಸರದಿ ಪಾಟಿಯ ಮೇಲೆ ಇನ್ನೂ ಇದ್ದರೆ ಬೀಜ ಇಟ್ಟು ಮುಟ್ಟಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ನೋಡುವುದು, ಇಡುವುದು ನಡುವೆ ಯಾರೂ ನುಸುಳದಂತೆ ಒಂದೇ ಕ್ರಿಯೆಯಾಗಬೇಕು. 2011ರ ಸಿ ಪ್ಲಸ್ ಪ್ಲಸ್ ಮಾನಕದಲ್ಲಿ ಬೀಜದ ಕೆಲಸಕ್ಕೆ ಶೇರ್ಡ್ ಪಾಯಿಂಟರ್, ಚೀಟಿಯ ಕೆಲಸಕ್ಕೆ ವೀಕ್ ಪಾಯಿಂಟರ್ ಇವೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೇಳಿದೆ: ಸಂಪರ್ಕ ಮುಚ್ಚುವುದಕ್ಕೂ ಅದರ ದಾಖಲೆ ಅಳಿಸುವುದಕ್ಕೂ ಏನು ವ್ಯತ್ಯಾಸ? ನನ್ನ ಪಾಠಯೋಜನೆಯಲ್ಲಿ ಇವೆರಡೂ ಒಂದೇ ಸಾಲಿನಲ್ಲಿದ್ದವು. ಈಗ ಎರಡು ಸಾಲು ಮಾಡಿದ್ದೇನೆ.